ಬೊಡ್ಡೆಯ ಮೇಲೆ ನೆಟ್ಟ ಕುಡಿ

ಕಡಿದ ಮರದ ಬೊಡ್ಡೆಯ ನಡುವಿನ ಸೀಳಿನಲ್ಲಿ ಒಂದು ಹಸಿರು ಕುಡಿ ನೆಟ್ಟಗೆ ನಿಂತಿತ್ತು.

ಊರಿನ ಪೊಲೀಸ್ ಸಾಮೆಜಿಮಾ ಬುತ್ತಿಯ ಗಂಟು ಬಿಚ್ಚಿದವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತ. ಮೊನ್ನೆಯಿಂದ ಪಟ್ಟಣದ ಪೊಲೀಸರು ಈ ಬೊಡ್ಡೆಯ ಸುತ್ತ ಓಡಾಡಿದ್ದರು, ಫೋಟೋ ತೆಗೆದಿದ್ದರು, ಟೇಪು ಹಿಡಿದು ಅಳೆದಿದ್ದರು. ಕುಡಿ ಎಲ್ಲರಿಗೂ ಕಂಡಿರಲೇಬೇಕು. ಬೆಟ್ಟದ ಮೇಲೆ ಹಸಿರು ಕಾಣದೆ ಇನ್ನೇನು ಕಾಣುತ್ತದೆ ಅಂದುಕೊಂಡು ಸುಮ್ಮನಾಗಿದ್ದರು. ನಿಜ ಹೇಳಬೇಕೆಂದರೆ ಅವನೂ ಹಾಗೇ ಸುಮ್ಮನಾಗಿದ್ದ.

ತಾನೆಗಾಶಿಮಾ ದ್ವೀಪದ ಈ ಕರಾವಳಿಯಲ್ಲಿ ಉಳಿದಿದ್ದ ದೊಡ್ಡ ಐದೆಳೆ ಪೈನ್ ಮರ ಅದೊಂದೇ. ಅದನ್ನು ಯಾರೋ ಉರುಳಿಸಿದ್ದರು, ಅದನ್ನು ಕಾಯುತ್ತಿದ್ದ ಶಿಗೆರು ಅದೇ ದಿಣ್ಣೆಯ ಕೆಳಗಿನ ಕೊರಕಲಿನಲ್ಲಿ ಹೆಣವಾಗಿ ಸಿಕ್ಕಿದ್ದ.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಮಿಯಾಕೆ ಫೋನಿನಲ್ಲಿ ರೇಗಿದ್ದರು.

“ಸಾಮೆಜಿಮಾ, ಕುರೊಕಿ ಲಾಕಪ್ಪಿನಲ್ಲಿದ್ದಾನೆ. ಅವನ ಲಾರೀಲಿ ಗರಗಸ ಸಿಕ್ಕಿದೆ. ನಿಮ್ಮೂರಲ್ಲಿ ಮನೆ ಮನೆಗೂ ಹೋಗಿ ಆ ಮರದ ರೇಟು ಕೇಳಿದ್ದಾನೆ. ಇನ್ನೇನ್ರೀ ಬೇಕು ನಿಮಗೆ?”

“ಗರಗಸ ಎಲ್ಲರ ಮನೇಲೂ ಇದೆ ಸಾರ್.”

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ, ಹಾಗಾಯ್ತು ನಿಮ್ಮ ಕಥೆ. ಸಂಜೆ ಹಡಗಿಗೆ ಅವನನ್ನ ಕಾಗೋಶಿಮಾಕ್ಕೆ ಕಳಿಸ್ತೀನಿ. ಅವನಲ್ಲ ಅನ್ನೋಕೆ ಕಾರಣ ಇದ್ರೆ ಅಷ್ಟರೊಳಗೆ ಹೇಳಿ. ಇಲ್ದಿದ್ರೆ ಹೂಂ ಅಂದುಬಿಡಿ.”

ಹೂಂ ಅನ್ನಬೇಕೆಂದೇ ಅವನು ಬೆಟ್ಟ ಹತ್ತಿದ್ದ. ಕುರೊಕಿ ಸಾಚಾ ಮನುಷ್ಯನೇನಲ್ಲ. ಅಪರೂಪದ ಮರ ಎಲ್ಲಿದ್ದರೂ ಮೂಸಿಕೊಂಡು ಬರುವ ದಲ್ಲಾಳಿ. ಅಂಥವನು ಒಂದೆರಡು ವರ್ಷ ಒಳಗಿದ್ದರೆ ಊರಿಗೆ ನಷ್ಟವಿಲ್ಲ. ಆದರೆ ಇದು ಒಂದೆರಡು ವರ್ಷದ ಮಾತಲ್ಲ, ಕೊಲೆಯ ಮಾತು. ಇನ್ನೊಂದು ಸಲ ಕಣ್ಣಾಡಿಸಿ ಇಳಿದುಬಿಡೋಣ ಅಂತ ಬಂದಿದ್ದ. ಬಂದವನು ಹೆಂಡತಿ ಕಿನುಯೊ ಕಟ್ಟಿಕೊಟ್ಟ ಅನ್ನದ ಉಂಡೆ ತಿನ್ನಲು ಬೊಡ್ಡೆಯ ಎದುರೇ ಕೂತ. ತಿನ್ನಲು ಬೇರೆ ಜಾಗ ಹುಡುಕಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಮೇಲೆ ಅವನಿಗೆ ಅನ್ನಿಸಿತು.

ಕುಡಿ ತಾನಾಗಿ ಬಿದ್ದು ಸಿಕ್ಕಿಕೊಂಡದ್ದಲ್ಲ. ಕೊಡಲಿಯ ಒಂದೇ ಏಟಿನಲ್ಲಿ ಬೊಡ್ಡೆಯ ತಲೆಯ ಮೇಲೆ ಸೀಳು ಮಾಡಿ, ಕುಡಿಯನ್ನು ಅದರಲ್ಲಿ ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತಿದ್ದರು.

ಮದುವೆಯಾದ ಹೊಸದರಲ್ಲಿ ಮಾವ ತೊಕುಜೊ ಅವನನ್ನು ಇದೇ ಬೆಟ್ಟಕ್ಕೆ ಕರೆತಂದಿದ್ದ. ತೊಕುಜೊ ದೋಣಿ ಮಾಡುವವನು. ಒಂದು ಮರ ಉರುಳಿಸಿ, ಅದರ ನೆತ್ತಿಯ ಕುಡಿ ಮುರಿದು, ಹೀಗೇ ಬೊಡ್ಡೆಯ ಮೇಲೆ ನೆಟ್ಟು ಗೆಣಸಿನ ಸಾರಾಯಿ ಚಿಮುಕಿಸಿದ್ದ. “ಮರ ನಮಗೆ, ಕುಡಿ ಬೆಟ್ಟಕ್ಕೆ. ಬೊಡ್ಡೆ ಬರಿದು ಬಿಟ್ಟು ಇಳಿದ್ರೆ ಬೆಟ್ಟ ನಮ್ಮಲ್ಲೊಬ್ಬರನ್ನ ಇಟ್ಕೊಳ್ಳುತ್ತೆ ಅಳಿಯಂದ್ರೆ,” ಅಂದಿದ್ದ. ಹೊರಗಿನಿಂದ ಬಂದ ಪೊಲೀಸಿಗೆ ಆವತ್ತು ನಗು ಬಂದಿತ್ತು. ನಕ್ಕಿರಲಿಲ್ಲ, ಹೊಸ ಅಳಿಯನಲ್ಲವೇ.

ಕುರೊಕಿ ಕುಡಿ ನೆಡುವವನಲ್ಲ. ಅವನಿಗೆ ಇಂಥದ್ದೊಂದು ಪದ್ಧತಿ ಇದೆಯೆಂದೇ ಗೊತ್ತಿರಲಾರದು. ಮರ ಕಡಿದವರು ಊರಿನವರು.

ಅನ್ನದ ಉಂಡೆಯನ್ನು ಅವನು ವಾಪಸು ಕಟ್ಟಿಟ್ಟ.

ಆಮೇಲೆ ಒಂದೊಂದಾಗಿ ಎಲ್ಲವೂ ಕಣ್ಣಿಗೆ ಹೊಡೆಯತೊಡಗಿದವು. ಹಸಿ ಪೈನ್ ಕಡಿದರೆ ಬೊಡ್ಡೆಯ ತುಂಬ ರಾಳ ಜಿನುಗಿ ಕೈಗೆ ಅಂಟಿಕೊಳ್ಳುತ್ತದೆ. ಈ ಬೊಡ್ಡೆ ಒನಕೆಯ ಹಾಗೆ ಒಣಗಿತ್ತು. ಕೆಳಗೆ ಮಲಗಿದ್ದ ಮರದ ಸೂಜಿ ಎಲೆಗಳೆಲ್ಲ ಕಂದು. ಉರುಳಿದ ಮೇಲೆ ಒಣಗಿದ್ದು ಅಂತ ಎಲ್ಲರೂ ತಿಳಿದಿದ್ದರು. ಹೊಸವರ್ಷಕ್ಕೆ ಬಾಗಿಲಿಗೆ ಕಟ್ಟಿದ ಪೈನ್ ಕೊಂಬೆ ವಾರ ಕಳೆದು ತೆಗೆದು ಸುಡುವ ದಿನದವರೆಗೂ ಹಸಿರಾಗಿರುತ್ತದೆ, ಅದನ್ನು ಪ್ರತಿ ಮನೆಯಲ್ಲೂ ಅವನು ನೋಡಿದ್ದ. ಮೊನ್ನೆ ಬಿದ್ದ ಮರ ಇವತ್ತಿಗೆ ಹೀಗಾಗುವುದುಂಟೇ? ತೊಗಟೆಯ ಮೇಲೆ ಕೈಯಾಡಿಸಿದ. ಹುಳು ಕೊರೆದ ತೂತುಗಳು ಬೆರಳಿಗೆ ಸಿಕ್ಕವು.

ಮರ ಕಡಿಯುವ ಮೊದಲೇ ಸತ್ತಿತ್ತು. ಹೋದ ಶರತ್ಕಾಲದಿಂದ ಶಿಗೆರು ಈ ದಾರಿಗೆ ಹಗ್ಗ ಕಟ್ಟಿ, ಔಷಧಿ ಹೊಡೆದಿದೆ, ಯಾರೂ ಬರಬೇಡಿ ಅಂತ ಬೋರ್ಡು ಹಾಕಿದ್ದು ಯಾಕೆಂದು ಈಗ ತಿಳಿಯಿತು. ಊರಿಗೆ ಈ ದಿಣ್ಣೆ ಕಾಣುವುದಿಲ್ಲ. ಸತ್ತ ಮರವನ್ನು ಆ ಹುಡುಗ ಇಡೀ ಚಳಿಗಾಲ ಒಬ್ಬನೇ ಬಚ್ಚಿಟ್ಟುಕೊಂಡಿದ್ದ. “ಶಿಗೆರೂಗೆ ಹೆಣ್ಣು ಯಾಕೆ ಹುಡುಕ್ತೀರಿ, ಬೆಟ್ಟದ ಮೇಲೆ ಸಂಸಾರ ಇದೆಯಲ್ಲ,” ಅಂತ ಊರವರು ಅವನನ್ನು ಆಡಿಕೊಳ್ಳುತ್ತಿದ್ದರು. ಪಾಪ, ಅವನೂ ನಗುತ್ತಿದ್ದ.

ಮತ್ತೆ ಈ ಹಸಿರು ಕುಡಿ ಎಲ್ಲಿಯದು?

ಸಾಮೆಜಿಮಾ ಬಗ್ಗಿ ಒಂದು ಗೊಂಚಲು ಬಿಡಿಸಿ ನೋಡಿದ. ಎರಡು ಎಳೆ. ಇನ್ನೊಂದು ಬಿಡಿಸಿದ. ಅದರಲ್ಲೂ ಎರಡೇ. ಈ ಮರದ ಗೊಂಚಲಿಗೆ ಐದು ಎಳೆ, ಅದಕ್ಕೇ ಅದಕ್ಕೆ ಆ ಹೆಸರು. ಎರಡೆಳೆಯದು ಕರಿ ಪೈನ್, ಸಮುದ್ರದ ದಂಡೆಯಲ್ಲಿ ಗಾಳಿ ತಡೆಯಲು ಸಾಲಾಗಿ ನೆಟ್ಟಿರುವಂಥದ್ದು.

ಸಾಕ್ಷಿಗೆಂದು ಅವನು ಕುಡಿಯನ್ನು ಮೆಲ್ಲಗೆ ಕಿತ್ತ. ಲಕೋಟೆಗೆ ಹಾಕಿ, ಎದ್ದು ನಾಲ್ಕು ಹೆಜ್ಜೆ ನಡೆದ. ನಿಂತ. ಹಿಂದಕ್ಕೆ ಬಂದು ಪಕ್ಕದ ಕಾಡು ಕಮೇಲಿಯಾ ಗಿಡದ ಒಂದು ರೆಂಬೆ ಮುರಿದು ಆ ಸೀಳಿನಲ್ಲಿ ಸಿಕ್ಕಿಸಿದ. ಬರಿದು ಬೊಡ್ಡೆ ಬಿಟ್ಟು ಇಳಿಯಲು ಕಾಲು ಬರಲಿಲ್ಲ. ಇಷ್ಟು ವರ್ಷ ಈ ಊರಿನ ಅನ್ನ ತಿಂದ ಮೇಲೆ ಅವನೂ ಊರಿನವನೇ ಆಗಿಬಿಟ್ಟಿದ್ದ.

ರೆಂಬೆ ಸಿಕ್ಕಿಸುತ್ತಿದ್ದ ಬೆರಳಿಗೆ ಸೀಳಿನ ಆಳದಲ್ಲಿ ಏನೋ ಚುಚ್ಚಿತು. ಎಳೆದು ನೋಡಿದರೆ ಒಂದು ಪುಟ್ಟ ಗೊಂಚಲು, ಇನ್ನೂ ಹಸಿರು. ಅಂಗೈ ಮೇಲಿಟ್ಟುಕೊಂಡು ಎಣಿಸಿದ. ಐದು.

ಈ ಸೀಳಿನಲ್ಲಿ ಮೊದಲು ಬೇರೆ ಕುಡಿ ಇತ್ತು. ಸತ್ತ ಮರದ ನೆತ್ತಿಯಲ್ಲಿ ಜೀವ ಹಿಡಿದುಕೊಂಡಿದ್ದ ಕೊನೆಯ ಕುಡಿ. ಯಾರೋ ಅದನ್ನು ಕಿತ್ತುಕೊಂಡಿದ್ದರು. ಕಿತ್ತವರಿಗೂ ಈಗ ಅವನಿಗಾದದ್ದೇ ಆಗಿತ್ತು. ಜಾಗ ಬರಿದು ಬಿಡಲು ಮನಸ್ಸು ಬರದೆ ಇನ್ನೊಂದನ್ನು ನೆಟ್ಟು ಇಳಿದಿದ್ದರು.

*

ಇಳಿಯುವ ದಾರಿಯುದ್ದಕ್ಕೂ ಅವನಿಗೆ ಶಿಗೆರುವಿನ ಹೆಣದ ಮೇಲಿದ್ದ ವಸ್ತುಗಳು ನೆನಪಾದವು. ಜೇಬಿನಲ್ಲಿ ಕಸಿ ಕಟ್ಟುವ ತೆಳು ಪಟ್ಟಿಯ ಅರ್ಧ ಸುರುಳಿ. ಸೊಂಟದಲ್ಲಿ ಚಾಕುವಿನ ಖಾಲಿ ಒರೆ. ಪಟ್ಟಿಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಇದು ಕಿತ್ತಳೆ ಕಸಿ ಕಟ್ಟುವ ಕಾಲ, ಊರಿನಲ್ಲಿ ಯಾರ ಜೇಬಿಗೆ ಕೈ ಹಾಕಿದರೂ ಅದು ಸಿಗುತ್ತದೆ. ಚಾಕು ಕೊರಕಲಿನ ನೀರಿನಲ್ಲಿ ಹೋಗಿರಬೇಕು ಅಂತ ಬರೆದುಕೊಂಡಿದ್ದರು.

ತೊಕುಜೊ ದೋಣಿಮನೆಯಲ್ಲಿದ್ದ. ಅಲ್ಲಿ ಈಗ ಕೆಲಸವೇನೂ ಇಲ್ಲ. ಐದೆಳೆ ಪೈನಿನ ಒಂದೇ ದಿಮ್ಮಿ ಕೊರೆದು ಮಾಡಿದ ದೋಣಿಯೊಂದು ಮಗುಚಿಕೊಂಡು ಬಿದ್ದಿದೆ, ಮುದುಕ ಅದಕ್ಕೆ ಎಣ್ಣೆ ಸವರುತ್ತಾ ಹೊತ್ತು ಕಳೆಯುತ್ತಾನೆ. ಪ್ಲಾಸ್ಟಿಕ್ ದೋಣಿಗಳು ಬಂದ ಮೇಲೆ ಅದನ್ನು ನೀರಿಗಿಳಿಸುವವರಿಲ್ಲ.

“ಬಾ ಪೊಲೀಸಪ್ಪ,” ಅಂದ.

ಇಷ್ಟು ವರ್ಷವೂ ‘ಅಳಿಯಂದ್ರೆ ಬನ್ನಿ’ ಅನ್ನುತ್ತಿದ್ದ ಬಾಯಿ ಅದು. ಸಾಮೆಜಿಮಾ ಬಾಗಿಲ ಬಳಿಯ ಮರದ ತುಂಡಿನ ಮೇಲೆ ಕೂತ.

“ಊಟ ಆಯ್ತಾ ಮಾವ?”

“ಆಯ್ತು. ನಿಂದು?”

“ಬೆಟ್ಟದ ಮೇಲೆ ಬುತ್ತಿ ಬಿಚ್ಚಿದೆ. ತಿನ್ನೋಕಾಗ್ಲಿಲ್ಲ.”

ಎಣ್ಣೆ ಬಟ್ಟೆ ಹಿಡಿದ ಕೈ ನಿಂತಿತು. ಮತ್ತೆ ಓಡಾಡತೊಡಗಿತು.

“ಬೆಟ್ಟಕ್ಕೆ ಯಾಕೆ ಹೋದೆ? ಹಿಡಿದಾಯ್ತಲ್ಲ ಆ ದಲ್ಲಾಳೀನ.”

“ಸಂಜೆ ಹಡಗಿಗೆ ಕಳಿಸ್ತಾರೆ.”

“ಕಳಿಸ್ಲಿ ಬಿಡು. ನಮ್ಮ ದೇವಸ್ಥಾನದ ಕಂಬಕ್ಕೇ ಬೆಲೆ ಕಟ್ಟಿದ ಮನುಷ್ಯ.”

“ಕಂಬಕ್ಕೆ ಬೆಲೆ ಕಟ್ಟಿದ್ದಕ್ಕೆ ಕೊಲೆ ಕೇಸು ಹಾಕೋಕಾಗುತ್ತಾ?”

“ನಿಮ್ಮ ಕಾನೂನು ನನಗೇನು ಗೊತ್ತು.”

“ಬೊಡ್ಡೆ ಮೇಲೆ ಕುಡಿ ನೆಟ್ಟಿದೆ ಮಾವ. ಕುರೊಕಿ ನೆಡ್ತಾನಾ?”

“ಅವನಾ? ಅವನು ಬೊಡ್ಡೆ ಮೇಲೆ ಉಗೀತಾನೆ.”

“ಹಾಗಾದ್ರೆ ಯಾರು ನೆಟ್ರು? ಮರ ಕಡಿದು ಕುಡಿ ನೆಡೋರು ಅಂತ ಈ ದಂಡೇಲಿ ಯಾರು ಉಳಿದಿದ್ದಾರೆ? ಹಾಶಿಗುಚಿ ಅಜ್ಜ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು.”

ಮುದುಕ ಬಟ್ಟೆಯನ್ನು ದೋಣಿಯ ಮೇಲೆ ಮಡಿಸಿಟ್ಟ. ನಗಲು ನೋಡಿದ, ಆಗಲಿಲ್ಲ.

“ಮಗಳನ್ನ ಕೊಟ್ಟು ಮನೇಲೇ ಪತ್ತೇದಾರನ್ನ ಸಾಕ್ಕೊಂಡ ಹಾಗಾಯ್ತು ನನ್ನ ಕಥೆ. ಹೂಂ ಕಣಯ್ಯ. ಕಡಿದಿದ್ದು ನಾನೇ.”

ಸಾಮೆಜಿಮಾ ಈ ಮಾತನ್ನು ಕೇಳಲೆಂದೇ ಬಂದಿದ್ದ, ಕೇಳಿದ ಮೇಲೆ ಬರಬಾರದಿತ್ತು ಅನ್ನಿಸಿತು.

“ಸತ್ತಿತ್ತು ಅದು,” ತೊಕುಜೊ ಹೇಳಿದ. “ಹೊಸವರ್ಷ ಕಳೆದ ಮೇಲೆ ಶಿಗೆರು ಬಂದ. ಇಲ್ಲೇ ಕೂತು ಅತ್ತ. ‘ತಾತ, ಅದು ಹೋಯ್ತು, ನನ್ನ ಕೈಲಿ ಉಳಿಸ್ಕೊಳ್ಳೋಕಾಗ್ಲಿಲ್ಲ’ ಅಂದ. ಒಳಗೆ ಹುಳು ಇದೆ, ಬೇಸಿಗೆ ಬಂದ್ರೆ ಹಾರಿ ಹೋಗಿ ಆಚೆ ದಿಣ್ಣೆ ಮೇಲಿರೋ ಎಳೇ ಮರಗಳನ್ನೂ ತಿನ್ನುತ್ತೆ, ಅಷ್ಟರೊಳಗೆ ಕಡಿದು ಸುಡಬೇಕು ಅಂದ.”

“ಕಚೇರೀಲಿ ಹೇಳಿ ಕಡಿಸಬಹುದಿತ್ತಲ್ಲ.”

“ಸರ್ಕಾರದ ರಕ್ಷಣೇಲಿರೋ ಮರ ಅದು. ಕಡಿಯೋಕೆ ಅಪ್ಪಣೆ ಸಿಗೋ ಹೊತ್ತಿಗೆ ಹುಳು ಪಕ್ಕದ ದ್ವೀಪ ಯಾಕುಶಿಮಾನೂ ಮುಟ್ಟಿರುತ್ತೆ. ಅದೂ ಅಲ್ದೆ ಅವನಿಗೆ ನಾಚಿಕೆ. ಊರು ನಂಬಿ ಕೊಟ್ಟಿದ್ದು, ನನ್ನ ಕಾಲದಲ್ಲೇ ಸತ್ತುಹೋಯ್ತು ಅಂತ ಹ್ಯಾಗೆ ಹೇಳ್ಲಿ ಅಂದ. ಮೊನ್ನೆ ಬೆಳಿಗ್ಗೆ ಇಬ್ರೂ ಒಟ್ಟಿಗೆ ಹತ್ತಿದ್ವಿ. ಉರುಳಿಸಿದೆ.” ಅವನು ದೋಣಿಯ ಬೆನ್ನು ಸವರಿದ. “ನಮ್ಮಪ್ಪ, ನಾನು ಸೇರಿ ದೋಣಿ ಮಾಡ್ತೀವಿ ಅಂತ ಈ ಬೆಟ್ಟಾನೇ ಬೋಳು ಮಾಡಿದ್ವಿ. ಕೊನೇದನ್ನ ಹೆಣ ಮಾಡಿ ಮಲಗಿಸೋಕೂ ನನ್ನ ಕೈಯೇ ಬೇಕಾಯ್ತು ನೋಡು.”

ಹೊರಗೆ ಆಲೆಮನೆಯ ಹೊಗೆ ದಂಡೆಗೆ ಇಳಿಯುತ್ತಿತ್ತು. ಕಬ್ಬಿನ ಹಾಲು ಕುದಿಯುವ ವಾಸನೆ ದೋಣಿಮನೆಯೊಳಗೂ ತುಂಬಿಕೊಂಡಿತು.

“ಆಮೇಲೆ?”

“ನೆತ್ತೀಲಿ ಒಂದೇ ಒಂದು ಕುಡಿ ಹಸಿರಿತ್ತು. ಬೊಡ್ಡೆಗೆ ನೆಟ್ಟೆ. ಹುಡುಗ ಕೈ ಹಿಡ್ಕೊಂಡ. ‘ತಾತ, ಅದನ್ನ ನನಗೆ ಕೊಡಿ, ಕಸಿ ಕಟ್ಟಿಸ್ತೀನಿ. ಇಷ್ಟು ಗಾಳಿ ಬಿಸಿಲು ತಡ್ಕೊಂಡ ಮರ ಇನ್ನೆಲ್ಲಿ ಸಿಗುತ್ತೆ’ ಅಂದ. ನನಗೆ ಸಿಟ್ಟು ಬಂತು. ಬೆಟ್ಟಕ್ಕೆ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕಾಗುತ್ತಾ?”

“ಜಗಳ ಆಯ್ತಾ?”

“ಒಂದು ಮಾತು ಅಂದುಬಿಟ್ಟೆ. ‘ಬೆಟ್ಟದ ಪಾಲು ಕದಿಯೋನನ್ನ ಬೆಟ್ಟಾನೇ ನೋಡ್ಕೊಳ್ಳುತ್ತೆ’ ಅಂದೆ. ಅಂದು ಇಳಿದೆ. ತಿರುಗಿ ಕೂಡಾ ನೋಡ್ಲಿಲ್ಲ.” ಮಡಿಸಿಟ್ಟ ಬಟ್ಟೆಯನ್ನು ಮತ್ತೆ ಬಿಚ್ಚಿದ. “ನೋಡಬೇಕಿತ್ತು ಕಣಯ್ಯ. ಅವನು ಅಲ್ಲೇ ನಿಂತಿದ್ದ. ಒಂದು ಸಲ ತಿರುಗಿ, ಬಾರೋ ಊಟಕ್ಕೆ ಹೋಗೋಣ ಅಂದಿದ್ರೆ ಬರ್ತಿದ್ದ. ಸಿಟ್ಟು ಮಾಡ್ಕೊಳ್ಳೋ ಹುಡುಗ ಅಲ್ಲ ಅದು.”

ಸಾಮೆಜಿಮಾ ಜೇಬಿನಿಂದ ಲಕೋಟೆ ತೆಗೆದು, ಕುಡಿಯನ್ನು ದೋಣಿಯ ಮೇಲಿಟ್ಟ.

“ನೀವು ನೆಟ್ಟಿದ್ದು ಇದೇನಾ?”

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಹೆಬ್ಬೆರಳಿನಿಂದ ಗೊಂಚಲು ಬಿಡಿಸಿದ. ಬೆರಳು ಅಲ್ಲೇ ನಿಂತುಬಿಟ್ಟಿತು.

“ಇದು ಕರಿ ಪೈನು. ನಾನು ನೆಟ್ಟಿದ್ದು ಐದೆಳೇದು.”

“ಗೊತ್ತು. ಅದರ ಗೊಂಚಲು ಸೀಳಿನ ಒಳಗೆ ಸಿಕ್ತು.”

“ಹಾಗಾದ್ರೆ ಶಿಗೆರೂನೇ ಬದಲಾಯಿಸಿರ್ತಾನೆ. ನನ್ನ ಮಾತಿಗೆ ಹೆದರಿ.”

“ಮೇಲೆ ಕರಿ ಪೈನ್ ಎಲ್ಲಿದೆ ಮಾವ? ಅದಿರೋದು ಇಲ್ಲಿ, ದಂಡೇಲಿ. ಬೆಳಿಗ್ಗೆ ಹತ್ತುವಾಗ ಅವನ ಕೈಲಿ ಇದಿತ್ತಾ?”

“ಗರಗಸ ಅವನ ಹೆಗಲ ಮೇಲಿತ್ತು, ಎಣ್ಣೆ ಡಬ್ಬ ಕೈಲಿತ್ತು. ಇದಿರ್ಲಿಲ್ಲ,” ಅಂದ ಮುದುಕ. ಅಂದ ಮೇಲೆ ಯಾಕಾದರೂ ಅಂದೆನೋ ಅನ್ನುವ ಹಾಗೆ ತುಟಿ ಕಚ್ಚಿಕೊಂಡ.

“ಅಂದ್ರೆ ನೀವಿಳಿದ ಮೇಲೆ ಇನ್ನೊಬ್ಬರು ಹತ್ತಿದ್ದಾರೆ. ಇದನ್ನ ಕೆಳಗಿಂದಲೇ ಮುರಿದು ತಗೊಂಡು ಹೋಗಿದ್ದಾರೆ. ಮರ ಕಡಿಯೋದು ಅವರಿಗೆ ಮೊದಲೇ ಗೊತ್ತಿತ್ತು. ನೀವು ಕುಡಿ ನೆಡ್ತೀರಿ, ಬಾಯಿ ಬಿಟ್ಟು ಕೇಳಿದ್ರೆ ಕೊಡೋದಿಲ್ಲ ಅಂತಾನೂ ಗೊತ್ತಿತ್ತು. ಅದನ್ನ ತೆಗೆದ ಮೇಲೆ ಬೊಡ್ಡೆ ಬರಿದು ಬಿಡೋಕೆ ಅವರಿಗೆ ಮನಸ್ಸಿಲ್ಲ.” ಸಾಮೆಜಿಮಾ ಮುಂದಕ್ಕೆ ಬಾಗಿದ. “ಮರ ಕಡೀತೀನಿ ಅಂತ ಯಾರಿಗೆ ಹೇಳಿದ್ರಿ ಮಾವ?”

ತೊಕುಜೊ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮರ ಕೆತ್ತುವ ಬಾಚಿ ಹಿಡಿದು ಹಿಡಿದು ಬೆರಳು ಸೊಟ್ಟಗಾದ ಕೈಗಳು.

“ಯಾರಿಗೂ ಇಲ್ಲ.”

ಜೀವಮಾನದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದವನ ಸುಳ್ಳು ಅದು. ಪೊಲೀಸನೇ ಬೇಕಿರಲಿಲ್ಲ, ಎಳೇ ಮಗುವೂ ಹಿಡಿಯಬಹುದಿತ್ತು.

“ಮಾವ.”

“ಬರ್ಕೊ ಪೊಲೀಸಪ್ಪ. ಮರ ಕಡಿದಿದ್ದು ನಾನು. ಹುಡುಗನ್ನ ತಳ್ಳಿದ್ದೂ ನಾನೇ. ಜಗಳ ಆಯ್ತು, ತಳ್ಳಿದೆ, ಬಿದ್ದ.”

“ಈಗ ತಾನೇ ತಿರುಗಿ ನೋಡದೆ ಇಳಿದೆ ಅಂದ್ರಿ.”

“ಅದು ಸುಳ್ಳು. ಇದು ನಿಜ.”

“ಯಾರನ್ನ ಉಳಿಸ್ತಿದ್ದೀರಿ?”

ಮುದುಕ ಎದ್ದು ಬಂದ. ಅಳಿಯನ ಎದುರು ನಿಂತು ಎರಡೂ ಕೈ ಮುಂದೆ ಚಾಚಿದ, ಬೇಡಿ ಹಾಕು ಅನ್ನುವ ಹಾಗೆ.

“ಅಳಿಯಂದ್ರೆ,” ಅಂದ. ಈಗ ಬಂತು ಆ ಮಾತು. “ನನಗೆ ವಯಸ್ಸಾಯ್ತು. ಜೈಲಲ್ಲೂ ಎರಡು ತುತ್ತು ಅನ್ನ ಹಾಕ್ತಾರೆ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡುಬಿಡಿ. ಇನ್ನು ಹುಡುಕಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವನು ನಿಜವಾಗಿಯೂ ಬೀಳಲು ಬಗ್ಗಿದ. ಸಾಮೆಜಿಮಾ ಹಿಡಿದು ನಿಲ್ಲಿಸಿದ. ಮುದುಕನ ಮೈ ಹಗುರವಾಗಿತ್ತು.

ಈ ಮನುಷ್ಯ ಯಾರಿಗೋಸ್ಕರ ಜೈಲಿಗೆ ಹೋಗಲು ತಯಾರಾದಾನು? ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಲೋಕದಲ್ಲಿ ಅವನಿಗಿರುವುದು ಒಂದೇ ಜೀವ.

ಆ ಯೋಚನೆಯನ್ನು ಸಾಮೆಜಿಮಾ ಪೂರ್ತಿ ಮಾಡಲಿಲ್ಲ. ಟೋಪಿ ಎತ್ತಿಕೊಂಡು ಹೊರಗೆ ನಡೆದ.

*

ಆಲೆಮನೆಯ ಮುಂದೆ ಹೆಂಗಸರು ಬಿಸಿ ಬೆಲ್ಲವನ್ನು ಹಲಗೆಯ ಮೇಲೆ ಸುರಿದು ಹರಡುತ್ತಿದ್ದರು. ತೊಮೆ ಅಜ್ಜಿ ಸೌಟು ಎತ್ತಿ ಕರೆದಳು.

“ಪೊಲೀಸಪ್ಪ, ಒಂದು ಚೂರು ಬಾಯಿಗೆ ಹಾಕ್ಕೊಂಡು ಹೋಗಿ. ಮುಖ ಯಾಕೆ ಹಿಂಗೆ ಮಾಡ್ಕೊಂಡಿದ್ದೀರಿ, ಹೆಂಡ್ತಿ ಬೈದ್ಲಾ?”

“ಇನ್ನೊಂದು ಸಲ ಬರ್ತೀನಿ ಅಜ್ಜಿ.”

“ಕಿನುಯೊ ಹುಷಾರಾದ್ಲಾ? ಮೊನ್ನೆ ಹೊಟ್ಟೆನೋವು ಅಂತ ಹೇಳಿ ಕಳಿಸಿದ್ಲು. ಅವಳಿಲ್ದೆ ನಾವು ಒಂದು ಕೊಪ್ಪರಿಗೆ ಸೀದಿಸ್ಕೊಂಡ್ವಿ.”

ಸಾಮೆಜಿಮಾ ನಿಂತ ಕಡೆಯೇ ನಿಂತ.

“ಮೊನ್ನೆ ಬರ್ಲಿಲ್ವಾ?”

“ಬಂದಿದ್ರೆ ಬೆಲ್ಲ ಸೀದುಹೋಗ್ತಿತ್ತಾ?” ಅಜ್ಜಿ ನಕ್ಕಳು. ಉಳಿದವರೂ ನಕ್ಕರು.

ಮೊನ್ನೆ ಸಂಜೆ ಕಿನುಯೊ ಸುಸ್ತಾಗಿ ಬಂದಿದ್ದಳು. ಇಡೀ ದಿನ ಕೊಪ್ಪರಿಗೆ ಮುಂದೆ ನಿಂತು ಸಾಕಾಯ್ತು ಅಂದಿದ್ದಳು. ಶಿಗೆರುವಿನ ಸುದ್ದಿ ಬಂದಾಗ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಚಿಕ್ಕಂದಿನಿಂದ ಎತ್ತಿ ಆಡಿಸಿದ ಹುಡುಗ, ತಮ್ಮನ ಹಾಗೆ, ಸಂಕಟ ಆಗದೆ ಇರುತ್ತದೆಯೇ ಅಂತ ಅವನೇ ನೀರು ಕುಡಿಸಿದ್ದ. ಅವಳ ಕೈಗೆ ಹತ್ತಿದ್ದ ಅಂಟನ್ನು ಬೆಲ್ಲದ ಪಾಕ ಅಂದುಕೊಂಡಿದ್ದ.

ಪಾಕವಾಗಿದ್ದರೆ ನೀರಿಗೆ ಕರಗುತ್ತಿತ್ತು. ಅವಳು ಆವತ್ತು ಬಾವಿಕಟ್ಟೆಯಲ್ಲಿ ಕೂತು ಬೂದಿ ಹಾಕಿ ಕೈ ತಿಕ್ಕಿದ್ದಳು.

ಠಾಣೆಯೆಂದರೆ ಊರಿನ ತುದಿಯ ಒಂದು ಕೋಣೆ. ಅದರ ಬೆನ್ನಿಗೇ ಅವರ ಮನೆ, ಮನೆಯ ಬೆನ್ನಿಗೆ ಕಿನುಯೊಳ ಹಿತ್ತಿಲು. ಅವನು ಠಾಣೆಯ ಬಾಗಿಲು ತೆಗೆಯಲಿಲ್ಲ, ಪಕ್ಕದ ಓಣಿಯಿಂದ ಸೀದಾ ಹಿತ್ತಿಲಿಗೆ ಬಂದ.

ನೆರಳುಬಲೆಯ ಕೆಳಗೆ ಕಿತ್ತಳೆಯ ಕಸಿ ಸಸಿಗಳು ಸಾಲಾಗಿ ಕುಂಡಗಳಲ್ಲಿ ನಿಂತಿದ್ದವು. ಒಂದೊಂದರ ತಲೆಗೂ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿತ್ತು. ಕಿನುಯೊ ಕಟ್ಟಿದ ಕಸಿ ಸೋತದ್ದನ್ನು ಈ ಊರು ಕಂಡಿಲ್ಲ. ಬೇರೆ ಊರಿನವರೂ ಕಡ್ಡಿ ಹಿಡಿದುಕೊಂಡು ಬರುತ್ತಾರೆ. ಕಸಿ ಕಟ್ಟಿಸ್ತೀನಿ ಅಂತ ಶಿಗೆರು ಹೇಳಿದ್ದನಂತೆ. ಕಟ್ಟುತ್ತೀನಿ ಅಂದಿರಲಿಲ್ಲ.

ಅವನು ಒಂದೊಂದೇ ಕುಂಡ ನೋಡುತ್ತಾ ಹೋದ. ಕಿತ್ತಳೆ, ಕಿತ್ತಳೆ, ಮತ್ತೆ ಕಿತ್ತಳೆ. ಎದೆ ಸ್ವಲ್ಪ ಹಗುರಾಯಿತು. ದೇವರೇ, ನಾನು ಯೋಚಿಸಿದ್ದು ಸುಳ್ಳಾಗಲಿ ಅಂದುಕೊಂಡ. ಸಾಲು ಮುಗಿಯಿತು.

ಮಳೆನೀರಿನ ಪೀಪಾಯಿಯ ಹಿಂದೆ ಇನ್ನೊಂದು ಕುಂಡವಿತ್ತು.

ಅದರಲ್ಲಿ ಬೆರಳು ಗಾತ್ರದ ಕರಿ ಪೈನ್ ಸಸಿ. ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಬೇರೊಂದು ಕುಡಿ ಕೂರಿಸಿ ತೆಳು ಪಟ್ಟಿಯಿಂದ ಬಿಗಿಯಾಗಿ ಸುತ್ತಿದ್ದರು. ಚೀಲದ ಒಳಗೆ ಹನಿ ಕಟ್ಟಿತ್ತು. ಹನಿಗಳ ಆಚೆ ಹಸಿರು ಗೊಂಚಲು ಮಸುಕಾಗಿ ಕಾಣುತ್ತಿತ್ತು. ಅವನು ಮೊಣಕಾಲೂರಿ ಹತ್ತಿರದಿಂದ ಎಣಿಸಿದ. ಒಂದು, ಎರಡು, ಮೂರು, ನಾಲ್ಕು.

ಐದು.

ಕುಂಡದ ಪಕ್ಕದ ಇಟ್ಟಿಗೆಯ ಮೇಲೆ ತೊಳೆದು ಒರೆಸಿದ ಕಸಿ ಚಾಕು ಇತ್ತು. ಬಿದಿರಿನ ಹಿಡಿ, ಹಿಡಿಯ ಮೇಲೆ ಕಾಯಿಸಿದ ಕಬ್ಬಿಣದಿಂದ ಒತ್ತಿದ ಶಿಗೆರುವಿನ ಗುರುತು. ಕೊರಕಲಿನ ನೀರು ಅದನ್ನು ಮುಟ್ಟಿರಲೇ ಇಲ್ಲ.

ಅವನ ಕೈ ತಾನಾಗಿ ಚೀಲದ ಕಡೆ ಹೋಯಿತು.

“ಮುಟ್ಟಬೇಡಿ.”

ಕಿನುಯೊ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಇನ್ನೂ ಕೂಡಿಕೊಂಡಿಲ್ಲ ಅದು,” ಅಂದಳು. “ಅಲುಗಾಡಿದ್ರೆ ಸತ್ತುಹೋಗುತ್ತೆ.”

“ಕಿನುಯೊ, ಮೊನ್ನೆ ನೀನು ಬೆಟ್ಟದಲ್ಲಿದ್ದೆ.”

“ಇದ್ದೆ.”

“ಶಿಗೆರು ಬಿದ್ದಾಗ?”

ಅವಳು ಬಂದು ಕುಂಡದ ಆಚೆ ಬದಿಯಲ್ಲಿ, ಅವನಿಗೆದುರಾಗಿ ಮೊಣಕಾಲೂರಿ ಕೂತಳು. ಕಣ್ಣಲ್ಲಿ ನೀರಿರಲಿಲ್ಲ. ಮೊನ್ನೆಯಿಂದಲೂ ಪಕ್ಕದಲ್ಲೇ ಮಲಗಿದ್ದ ಹೆಂಗಸಿನ ಮುಖ ಇಷ್ಟು ಬಾಡಿರುವುದನ್ನು ಅವನು ಈಗ ನೋಡಿದ.

ಠಾಣೆಯೊಳಗೆ ಫೋನು ಬಡಿದುಕೊಳ್ಳತೊಡಗಿತು. ಮಿಯಾಕೆಯೇ ಇರಬೇಕು, ಹಡಗು ಬಿಡುವ ಹೊತ್ತು ಹತ್ತಿರವಾಗಿತ್ತು. ಇಬ್ಬರೂ ಕದಲಲಿಲ್ಲ.

“ಎಲ್ಲಾ ಹೇಳ್ತೀನಿ ರೀ,” ಅಂದಳು ಕಿನುಯೊ. “ಕೇಳಿದ ಮೇಲೆ ನೀವು ನನ್ನನ್ನ ಇಲ್ಲಿ ಬಿಡೋ ಹಾಗಿರೋದಿಲ್ಲ, ಅದು ನನಗೆ ಗೊತ್ತು. ಆದ್ರೆ ಇದು ಚಿಗುರಿದ ಮೇಲೆ ಕೇಳಿ. ಇದರ ಚೀಲ ಯಾವಾಗ ಬಿಚ್ಚಬೇಕು, ಎಷ್ಟು ಬಿಸಿಲು ತೋರಿಸಬೇಕು ಅಂತ ಈಗ ನನ್ನನ್ನ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ.”

ಫೋನು ಒಂದು ಸಲ ನಿಂತು, ಮತ್ತೆ ಮೊದಲಿನಿಂದ ಬಡಿದುಕೊಳ್ಳಲು ಶುರುಮಾಡಿತು.